ಇಲ್ಲಿಗೆ ಅಂದ್ರೆ ನಿಂಬೆ ಗಿಡದ ಹತ್ರಕ್ಕೆ

ಪುಟ್ಟಿ,

ಇದನ್ನ ಫೋನಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡ್ತಿದೀನಿ, ಒತ್ತು ದೀರ್ಘ ತಪ್ಪಿದ್ರೆ ನೀನೇ ತಿದ್ಕೊಂಡು ಓದ್ಕೋ. ಫೋನ್ ಮಾಡಿ ಮಾತಾಡಿ ಅಂತ ನಿಮ್ಮಮ್ಮ ನಾಲ್ಕು ದಿನದಿಂದ ಹೇಳ್ತಾನೇ ಇದಾಳೆ. ಫೋನಲ್ಲಾದ್ರೆ ನೀನು "ಹೂಂ" ಅಂತೀಯ, ನಾನು "ಏನು ಹೂಂ" ಅಂತೀನಿ, ಅಲ್ಲಿಗೆ ಮತ್ತೆ ಶುರು. ಬರೆಯೋದ್ರಲ್ಲಿ ಒಂದು ಅನುಕೂಲ ಇದೆ, ಮಧ್ಯೆ ಯಾರೂ ಬಾಯಿ ಹಾಕಲ್ಲ. ರಿಟೈರ್ಡ್ ಮೇಷ್ಟ್ರಿಗೆ ಇನ್ನೇನು ಬೇಕು.

ಮೊದ್ಲು ಮುಖ್ಯ ವಿಷಯ ಹೇಳ್ಬಿಡ್ತೀನಿ, ಆಮೇಲೆ ಬೇರೆ. "ನಿನ್ನ ಯಾರು ಇಲ್ಲಿಗೆ ಬಾ ಅಂದಿದ್ದು" ಅಂತ ನಾನು ಕಿರುಚಿದ್ದು ನಿಜ. ಪಕ್ಕದ ಮನೆಯವ್ರಿಗೂ ಕೇಳೋ ಹಾಗೆ ಕಿರುಚಿದ್ದು ನಿಜ. ಆದ್ರೆ ಇಲ್ಲಿಗೆ ಅಂದ್ರೆ ನಿಂಬೆ ಗಿಡದ ಹತ್ರಕ್ಕೆ. ಬಚ್ಚಲುಮನೆ ಹಿಂದಿನ ಆ ನಿಂಬೆ ಗಿಡ. ಮನೆಗೆ ಅಂತ ಅಲ್ಲ ಮಗಾ. ಗೌರಿ ಹಬ್ಬಕ್ಕೆ ತವರಿಗೆ ಬಂದ ಮಗಳಿಗೆ ಯಾವ ಅಪ್ಪ ಹಾಗನ್ತಾನೆ. ನೀನು ಲೋಟ ಅಲ್ಲೇ ಕಟ್ಟೆ ಮೇಲಿಟ್ಟು ಒಳಗೆ ಹೋದಾಗ ಕಾಫಿ ಚೆಲ್ತು ಅಂತ ಬೇಜಾರಾಗಿದೆ ಅಂದ್ಕೊಂಡೆ, ಅಷ್ಟು ದಡ್ಡ ನಾನು. ರಾತ್ರಿ ಬಸ್ಸಿಗೆ ಸೀಟ್ ಬುಕ್ ಮಾಡಿದೀಯ ಅಂತ ನಿಮ್ಮಮ್ಮ ಬಂದು ಹೇಳಿದಾಗ್ಲೂ ಆಫೀಸಿಂದ ಕರೆ ಬಂದಿರ್ಬೇಕು ಅಂದ್ಕೊಂಡೆ. ಮಾರನೇ ದಿನ ಬೆಳಿಗ್ಗೆ ಹಲ್ಲುಜ್ತಾ ನಿಂತಿದ್ದಾಗ ಅವಳು "ನಿಮ್ಮ ಬಾಯಿಂದ ಬಂದ ಮಾತು ಏನು ಗೊತ್ತಾ" ಅಂತ ಅದನ್ನ ಹಾಗೇ ಒಪ್ಪಿಸಿದ್ಳು. ಆಗ ತಲೆಗೆ ಹೋಯ್ತು. ಬ್ರಷ್ ಬಾಯಲ್ಲೇ ಇತ್ತು.

ಬಾಗಿನದ ಮೊರ ಇಲ್ಲೇ ಬಿಟ್ಟು ಹೋಗಿದೀಯ. ಮರೆತೆಯೋ ಬಿಟ್ಟೆಯೋ ನಾನು ಕೇಳಲ್ಲ. ದೇವರ ಕೋಣೇಲಿ ಮೂಲೇಲಿದೆ, ಬಳೆ ಬಿಚ್ಚೋಲೆ ರವಿಕೆ ಕಣ ಎಲ್ಲ ಹಾಗೇ ಇದೆ, ಬೆಲ್ಲದಚ್ಚನ್ನ ಮಾತ್ರ ಇಲಿ ಒಂದು ಕಡೆಯಿಂದ ನೋಡ್ಕೊಂಡಿದೆ.

ಈಗ ಆ ದಿನದ್ದು ಹೇಳ್ತೀನಿ, ನಿಂಗೆ ಗೊತ್ತಿಲ್ಲದ್ದನ್ನ ಮಾತ್ರ.

ನಂಗೆ ಬೆಳಿಗ್ಗೆಯಿಂದ್ಲೇ ತಲೆ ಕೆಟ್ಟಿತ್ತು, ಕಾರಣ ನಿನ್ನ ವಿಡಿಯೋ. ಸ್ವಿಚ್ ಆಫ್ ಇಟ್ಕೊಂಡು ನಾನು ಹುಲ್ಲು ಹೊಡೆಯೋ ಮಷೀನ್, ಅದೇ ವೀಡ್ ಕಟ್ಟರ್, ಸ್ಟಾರ್ಟ್ ಮಾಡೋಕೆ ಹಗ್ಗ 41 ಸಲ ಎಳೆದದ್ದು, ನೀನು ಹಿಂದೆ ನಿಂತು ಮೂವತ್ತೊಂಬತ್ತು ನಲವತ್ತು ಅಂತ ಎಣಿಸಿದ್ದು, ಆಮೇಲೆ ಬಂದು ಕಿರುಬೆರಳಲ್ಲಿ ಸ್ವಿಚ್ ಒತ್ತಿದ್ದು. ನಗು ಬರೋ ವಿಷಯಾನೇ, ಒಪ್ಪಿದೆ. ಆದ್ರೆ ಅದನ್ನ ಮನೆಮಂದಿ ಗ್ರೂಪಿಗೆ ಹಾಕ್ಬೇಕಿತ್ತಾ? ಶಿವಮೊಗ್ಗದ ನಿನ್ನ ಚಿಕ್ಕಪ್ಪ "ಅಣ್ಣಾ, ಬಾವಿಯಿಂದ ನೀರು ಸೇದ್ತಿದೀಯಾ" ಅಂತ ಹಾಕಿದ. ಅವನಿಗೆ ನ್ಯೂಟನ್ನಿನ ಮೂರನೇ ನಿಯಮ ಹೇಳ್ಕೊಟ್ಟವನು ನಾನು. ಅದರ ಕೆಳಗೆ ಹದಿನೇಳು ನಗೋ ಮುಖ. ಎಣಿಸಿದೀನಿ.

ನಾನು ನಗೋ ಜಾತಿ ಅಲ್ಲ, ನಿಂಗೆ ಗೊತ್ತು. ಅದು ನಿಮ್ಮಮ್ಮನ ಕಡೆಯಿಂದ ನಿಂಗೆ ಬಂದದ್ದು. ಹೋದ ವರ್ಷ ಹಲಸಿನ ಮರದ ಕೆಳಗಿನ ಕೊಂಬೆ ಕಡಿಯೋಕೆ ಹೋಗಿ ಚಗಳಿ ಇರುವೆ ಗೂಡು ಹೆಗಲ ಮೇಲೆ ಬಿತ್ತಲ್ಲ, ಅವತ್ತಿನ ಕಥೆ ನಿಂಗೆ ಅರ್ಧ ಮಾತ್ರ ಹೇಳಿದಾರೆ. ಚಗಳಿ ಹೇಗೆ ಗೂಡು ಕಟ್ಟುತ್ತೆ ಅಂತ ಎಂಟನೇ ಕ್ಲಾಸಿಗೆ ನಾನು ಎಷ್ಟು ಸಲ ಪಾಠ ಮಾಡಿದೀನಿ, ದೊಡ್ಡ ಇರುವೆಗಳು ಎಲೆ ಎಳೆದು ಹಿಡ್ಕೊಂಡಿರ್ತವೆ, ಇನ್ನು ಕೆಲವು ಮರಿಹುಳಗಳನ್ನ ಬಾಯಲ್ಲಿ ಹಿಡ್ಕೊಂಡು ಅದರ ಬಾಯಿಂದ ಬರೋ ರೇಷ್ಮೆ ಎಳೇಲಿ ಎಲೆ ಎಲೆ ಸೇರಿಸಿ ಅಂಟಿಸ್ತವೆ, ಎಂಥ ಅದ್ಭುತ ನೋಡಿ ಮಕ್ಕಳೇ ಅಂತ. ಆ ಅದ್ಭುತ ಲುಂಗಿ ಒಳಗೆ ಹೋದಾಗ ಮೇಷ್ಟ್ರು ಲುಂಗಿ ಅಲ್ಲೇ ಬಿಟ್ಟು ಬರೀ ಚಡ್ಡೀಲಿ ಬಚ್ಚಲಿಗೆ ಓಡಿದ್ರು. ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಸಿಡ್ ಬಿಡುತ್ತೆ ಅದು, ಉರಿ ಅಂದ್ರೆ ಉರಿ. ನಿಮ್ಮಮ್ಮ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡ್ಕೊಂಡು ನಕ್ಕಿದ್ಳು, ನಗ್ತಾನೇ ಕೊಬ್ಬರಿ ಎಣ್ಣೆ ತಂದ್ಳು, ಹಚ್ತಾ ಹಚ್ತಾ "ಗೂಡು ಸಿಕ್ತಾ, ಚಟ್ನಿ ಮಾಡೋಣ್ವಾ" ಅಂದ್ಳು. ನಾನು ಎರಡು ದಿನ ಮಾತು ಬಿಟ್ಟೆ. ಎರಡು ದಿನ. ಯಾಕೆ ಬಿಟ್ಟೆ ಅಂತ ಈಗ ಯೋಚ್ನೆ ಮಾಡಿದ್ರೆ ಚಗಳಿ ಕಚ್ಚಿದ್ದಕ್ಕಲ್ಲ, ಅವಳು ನಕ್ಕಿದ್ದಕ್ಕೂ ಅಲ್ಲ, ನಂಗೆ ನಗು ಬರ್ತಿತ್ತು ಅನ್ನೋದಕ್ಕೆ ಇರ್ಬೇಕು. 32 ವರ್ಷ ಬೋರ್ಡ್ ಮುಂದೆ ನಿಂತು ನಗು ತಡ್ಕೊಂಡು ಅಭ್ಯಾಸ ಆಗ್ಬಿಟ್ಟಿದೆ. ಒಂದು ಸಲ ಮೇಷ್ಟ್ರು ನಕ್ಕರೆ ಆಮೇಲೆ ಆ ಪೀರಿಯಡ್ ಕಥೆ ಮುಗೀತು.

ಸರಿ, ಅವತ್ತು ಮಷೀನಿಂದ ಹಾರಿದ ಕಲ್ಲಿನ ವಿಷಯಕ್ಕೆ ಬರ್ತೀನಿ.

ಅವತ್ತು ಮಷೀನಿಗೆ ನಾನು ಬ್ಲೇಡ್ ಹಾಕಿದ್ದೆ. ಬೇಲಿ ಕಡೆ ಯುಪಟೋರಿಯಂ ಕಳೆ ಎದೆಮಟ್ಟ ಬಂದಿದೆ, ಅದರ ಕಾಂಡಕ್ಕೆ ನೈಲಾನ್ ದಾರ ತಡೆಯಲ್ಲ, ಪಟ್ ಅಂತ ಹೋಗುತ್ತೆ. ಬೇಲಿ ಮುಗಿಸಿ ಬ್ಲೇಡ್ ಬಿಚ್ಚಿ ದಾರ ಹಾಕಿ ಬಚ್ಚಲ ಕಡೆ ಬರ್ಬೇಕಿತ್ತು. ಹತ್ತು ನಿಮಿಷದ ಕೆಲ್ಸ. ಮಾಡ್ಲಿಲ್ಲ. ಚೌತಿ ಮುಗಿದ ಮಾರನೇ ದಿನ, ಮಖೆ ಮಳೆ ಹೊಯ್ತಾ ಹೊಯ್ತಾ ಅಪರೂಪಕ್ಕೆ ಎರಡು ಗಂಟೆ ಬಿಸಿಲು ಕೊಟ್ಟಿತ್ತು, ಬಿಸಿಲಿರೋವಾಗ ಮುಗಿಸ್ಬೇಕು ಅನ್ನೋ ಅವಸರ. ಜೊತೆಗೆ ಹದಿನೇಳು ನಗೋ ಮುಖದವ್ರಿಗೆ ಮಷೀನ್ ಓಡಿಸೋದು ಹೇಗೆ ಅಂತ ತೋರಿಸ್ಬೇಕು ಅನ್ನೋ ಹಟ. ಬಚ್ಚಲ ಹಿಂದೆ ಕೆಸರಾಗುತ್ತೆ ಅಂತ ಹೋದ ಬೇಸಿಗೇಲಿ ಜಲ್ಲಿ ತಂದು ಸುರಿದವನೂ ನಾನೇ. ಹುಲ್ಲಿನ ಒಳಗೆ ಜಲ್ಲಿ ಇದೆ ಅಂತ ಈ ಊರಲ್ಲಿ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅಲ್ಲಿಗೆ ಬ್ಲೇಡ್ ತಗೊಂಡು ಹೋದ.

ಲೆಕ್ಕ ಹೇಳ್ತೀನಿ ಕೇಳು. ಬ್ಲೇಡ್ ಅಡ್ಡಗಲ 25.5 ಸೆಂಟಿಮೀಟರ್, ಅಂದ್ರೆ ಸುತ್ತಳತೆ ಹತ್ತಿರ ಹತ್ತಿರ 80 ಸೆಂಟಿಮೀಟರ್. ಮಷೀನ್ ನಿಮಿಷಕ್ಕೆ ಆರು ಸಾವಿರ ಸುತ್ತು ಅಂತ ಇಟ್ಕೋ, ಸೆಕೆಂಡಿಗೆ ನೂರು. ಅಂಚಿನ ವೇಗ ಸೆಕೆಂಡಿಗೆ 80 ಮೀಟರ್. ಗಂಟೆಗೆ 288 ಕಿಲೋಮೀಟರ್. ಕಲ್ಲಿಗೆ ಅಷ್ಟೂ ವೇಗ ಬರಲ್ಲ, ಅರ್ಧ ಬರುತ್ತೆ ಅಂದ್ಕೊಂಡ್ರೂ 144. ನಮ್ಮ ಜಾವಗಲ್ ಶ್ರೀನಾಥ್ ಓಡಿ ಬಂದು ಎಸೀತಿದ್ದ ಬಾಲಿನಷ್ಟು, ಅಂದಾಜಿಗೆ. ಅವನ ಮುಂದೆ ನಿಂತವ್ರು ಹೆಲ್ಮೆಟ್ ಪ್ಯಾಡು ಗ್ಲೌಸು ಹಾಕ್ಕೊಂಡು ಬ್ಯಾಟ್ ಹಿಡ್ಕೊಂಡಿರ್ತಿದ್ರು. ನಿನ್ನ ಕೈಲಿ ಕಾಫಿ ಲೋಟ.

ಮಷೀನ್ ಜೊತೆ ಬಂದ ಪುಸ್ತಕ ಈಗ ಓದಿದೆ, ತಗೊಂಡು ಎರಡು ವರ್ಷ ಆದ್ಮೇಲೆ. 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ದಪ್ಪ ಅಕ್ಷರದಲ್ಲಿ ಹಾಕಿದಾರೆ, ಓದು ಬರದೇ ಇರೋರಿಗೂ ತಿಳೀಲಿ ಅಂತ ಚಿತ್ರಾನೂ ಇದೆ, ಒಬ್ಬ ಮನುಷ್ಯ, ಪಕ್ಕದಲ್ಲಿ ಬಾಣದ ಗುರುತು, ಆ ಕಡೆ ಇನ್ನೊಬ್ಬ. 15 ಮೀಟರ್ ಅಂದ್ರೆ ಬಾವಿಕಟ್ಟೆಯಿಂದ ಹೆಚ್ಚುಕಡಿಮೆ ಕೊಟ್ಟಿಗೆ ಬಾಗಿಲವರೆಗೆ. ನೀನಿದ್ದದ್ದು ಆರು ಹೆಜ್ಜೆ ದೂರದಲ್ಲಿ. ಹಿಂದಿನಿಂದ ಬಂದು "ಅಪ್ಪಾ ಕಾಫಿ" ಅಂದೆ ಅಂತ ಆಮೇಲೆ ಹೇಳಿದೆಯಂತೆ ಅಮ್ಮಂಗೆ. ನಂಗೆ ಕೇಳಿಸ್ಲಿಲ್ಲ. ಆ ಸದ್ದಲ್ಲಿ ಏನು ಕೇಳ್ಸುತ್ತೆ. ನಂಗೆ ಕೇಳಿಸಿದ್ದು ಟಣ್ ಅಂತ ಬ್ಲೇಡಿಗೆ ಕಲ್ಲು ತಾಗಿದ್ದು, ತಿರುಗಿದ್ರೆ ಬಚ್ಚಲ ಕಿಟಕಿ ಗಾಜಲ್ಲಿ ತೂತು, ತೂತಿಗೂ ನಂಗೂ ಮಧ್ಯೆ ನೀನು.

ನೀನು ಹೊರಟ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಅಳತೆ ಮಾಡಿದೆ. ನಾನು ನಿಂತಿದ್ದ ಜಾಗದಲ್ಲಿ ಗೂಟ ಹೊಡೆದೆ, ಹುಲ್ಲು ಅರ್ಧ ಹೊಡೆದು ನಿಂತಿದೆಯಲ್ಲ ಹಾಗಾಗಿ ಜಾಗ ಸರಿಯಾಗೇ ಸಿಕ್ತು. ಗೂಟದಿಂದ ಗಾಜಿನ ತೂತಿಗೆ ದಾರ ಎಳೆದು ಕಟ್ಟಿದೆ. ಕಾಫಿ ಚೆಲ್ಲಿದ ಕಡೆ ಇರುವೆ ಮುತ್ತಿತ್ತು, ನೀನು ನಿಂತಿದ್ದ ಜಾಗ ಅದೇ. ಅಲ್ಲಿ ನಿಮ್ಮಮ್ಮನ್ನ ನಿಲ್ಲಿಸಿದೆ. ಅವಳು ನಿಂಗಿಂತ ಕುಳ್ಳಿ, ಅದಕ್ಕೆ ಊಟದ ಮಣೆ ತಂದು ಅದರ ಮೇಲೆ ಹತ್ತಿಸಿದೆ. ಅವಳ ಹೊಲಿಗೆ ಟೇಪಲ್ಲಿ ಕಿವಿಯಿಂದ ದಾರಕ್ಕೆ ಹಿಡಿದ್ರೆ ಹದಿನಾಲ್ಕು ಇಂಚು. "ಬಲಗಡೆ ಸ್ವಲ್ಪ ಸರಿ" ಅಂದೆ, "ಸಾರು ಉಕ್ತಿದೆ ಇಳಿಸ್ರೀ" ಅಂದ್ಳು. ಇನ್ನೊಂದು ಸಲ ಅಳೆದೆ. ಹದಿನಾಲ್ಕೇ. ಮಧ್ಯಾಹ್ನ ಊಟ ಆದ್ಮೇಲೆ ಅವಳು ಮಲಗಿದಾಗ ನಾನೇ ಹೋಗಿ ನಿಂತ್ಕೊಂಡು ಒಂದು ಕೈಲಿ ಟೇಪು ಹಿಡ್ಕೊಂಡು ನೋಡಿದೆ. ಕಲ್ಲು ದಾರದ ಹಾಗೆ ನೆಟ್ಟಗೆ ಹೋಗಲ್ಲ, ಸ್ವಲ್ಪ ಬಾಗುತ್ತೆ, ಆದ್ರೆ ಅಷ್ಟು ವೇಗದಲ್ಲಿ ಅಷ್ಟು ಹತ್ರದಲ್ಲಿ ಬಾಗೋದು ಲೆಕ್ಕಕ್ಕಿಲ್ಲ. ನೀನು ಒಂದು ಹೆಜ್ಜೆ ಮುಂದೆ ಇಟ್ಟಿದ್ರೆ ಅಂತ ಒಂದು ಲೆಕ್ಕ, ಕೆಳಗೆ ನೋಡ್ತಾ ಬಗ್ಗಿದ್ರೆ ಅಂತ ಇನ್ನೊಂದು. ಹಾಳೆಯಲ್ಲಿ ಚಿತ್ರಾನೂ ಬರೆದಿದೀನಿ. ನಿಮ್ಮಮ್ಮ ಆ ಹಾಳೆ ಹರಿದು ಒಲೆಗೆ ಹಾಕಿದ್ಳು. ಮತ್ತೆ ಬರೆದೆ.

ಆಗ ಕಿರುಚಿದ್ದು ಅದಕ್ಕೆ ಮಗಾ. ಬಾಯಿಂದ "ಅಯ್ಯೋ ಏನಾಯ್ತು" ಅಂತ ಬರ್ಬೇಕಿತ್ತು, ಅದು ಬರೋ ದಾರೀಲಿ ಎಲ್ಲೋ ತಪ್ಪಿಸ್ಕೊಂಡು "ಯಾರು ಇಲ್ಲಿಗೆ ಬಾ ಅಂದಿದ್ದು" ಅಂತ ಬಂತು. ನಂಗೆ ಯಾವಾಗ್ಲೂ ಹಾಗೇ. ನೀನು ಪಿಯುಸೀಲಿ ಸೈಕಲ್ಲಿಂದ ಬಿದ್ದಾಗ್ಲೂ ಮೊದ್ಲು ಬೈದೆ. ಆ ಅಡ್ಮಿಷನ್ ದಿನದ್ದು ಬಿಡು, ಅದು ಇಬ್ರಿಗೂ ಗೊತ್ತಿದೆ, ಈಗ ಎತ್ತಲ್ಲ.

ತಪ್ಪಾಯ್ತು. ಬರೆದಿದೀನಿ ನೋಡು. ಬಾಯಲ್ಲಿ ಹೇಳು ಅಂದ್ರೆ ಆಗಲ್ಲ.

ಹೇಳಿದ ಮೇಲೆ ಒಂದೆರಡು ಬುದ್ಧಿಮಾತು, ಹೇಳ್ಬಾರ್ದು ಅಂದ್ಕೊಂಡಿದ್ದೆ. ಮಷೀನ್ ಓಡಿಸ್ತಿರೋರ ಹಿಂದಿನಿಂದ ಯಾವತ್ತೂ ಬರಬೇಡ, ಎದುರಿಗೆ ದೂರ ನಿಂತು ಕೈ ಬೀಸು, ಅವ್ರು ಮಷೀನ್ ಆಫ್ ಮಾಡಿ ಬ್ಲೇಡ್ ನಿಂತ ಮೇಲೆ ಹತ್ರ ಬಾ. ನಿಮ್ಮ ಅಪಾರ್ಟ್‌ಮೆಂಟಲ್ಲೂ ಲಾನ್ ಕಟ್ ಮಾಡೋಕೆ ಬರ್ತಾರಲ್ಲ, ಆ ಹೊತ್ತಲ್ಲಿ ಕೆಳಗೆ ವಾಕಿಂಗ್ ಹೋಗ್ಬೇಡ, ನಿನ್ನ ಕಾರು ಅಲ್ಲಿ ನಿಲ್ಲಿಸ್ಬೇಡ. ಬಾಲ್ಕನಿ ತುಳಸಿಗೆ ದಿನಾ ಚೊಂಬುಗಟ್ಲೆ ನೀರು ಸುರೀಬೇಡ, ಬೆರಳು ಮಣ್ಣೊಳಗೆ ಹಾಕಿ ನೋಡು, ಒಣಗಿದ್ರೆ ಮಾತ್ರ ಹಾಕು, ನಿನ್ನ ಮೂರು ತುಳಸಿ ಸತ್ತದ್ದು ಬಿಸಿಲಿಲ್ಲದೆ ಅಲ್ಲ, ಬೇರು ಕೊಳೆತು. ಮತ್ತೆ ಆಫೀಸಲ್ಲಿ ಆ ಮ್ಯಾನೇಜರ್ ಮೇಲೆ ರೇಗಾಡಿದೆ ಅಂದೆಯಲ್ಲ, ಸ್ವಲ್ಪ ತಾಳ್ಮೆ ಇಟ್ಕೋ, ಒಂದು ಮಾತು ಆಡೋ ಮುಂಚೆ ಹತ್ತು ಎಣಿಸು. ಈ ಮಾತು ಯಾರು ಹೇಳ್ತಿದಾರೆ ಅಂತ ನಿಂಗೆ ನಗು ಬರ್ತಿರುತ್ತೆ. ನಗು. ನಾನು ಸ್ವಿಚ್ ನೋಡದೆ 41 ಎಣಿಸಿದವನು.

ತಾಳ್ಮೆ ಅಂದ್ರೆ ನೆನಪಾಯ್ತು. ನಿನ್ನ ನಾಚಿಕೆ ಮುಳ್ಳಿನ ನೋಟ್‌ಬುಕ್ ಸಿಕ್ತು, ಟ್ರಂಕಲ್ಲಿ. ಏಳನೇ ಕ್ಲಾಸಲ್ಲಿ ಡಾಲ್ಡಾ ಡಬ್ಬೀಲಿ ಆ ಗಿಡ ಬೆಳೆಸಿ, ಎಲೆ ಮುಟ್ಟಿ ಮುಚ್ಚಿಸಿ, ಮತ್ತೆ ಬಿಚ್ಚೋಕೆ ಎಷ್ಟು ಹೊತ್ತು ಅಂತ ಟೈಂಪೀಸ್ ಇಟ್ಕೊಂಡು ಬರೆದಿದ್ಯಲ್ಲ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು, ಒಂದೇ ಸಮ ಮುಟ್ತಾ ಇದ್ರೆ ಆಮೇಲೆ ಮುಚ್ಚೋದು ನಿಧಾನ ಆಗುತ್ತೆ ಅಂತ ಕೊನೆ ಪುಟದಲ್ಲಿ ನೀನೇ ಕಂಡು ಹಿಡಿದದ್ದು. ನಾನು ಹೇಳ್ಕೊಟ್ಟಿದ್ದು ಎಲೆ ಬುಡದ ಉಬ್ಬಲ್ಲಿ ನೀರು ಕಡಿಮೆ ಆಗಿ ಎಲೆ ಮಡಚುತ್ತೆ ಅಂತ ಅಷ್ಟೇ, ಉಳಿದದ್ದೆಲ್ಲ ನಿನ್ನದು. ಒಂಬತ್ತು ದಿನ ಜಗಲಿ ಮೇಲೆ ಕೂತಿದ್ದೆ ನೀನು. ಎಕ್ಸಿಬಿಷನ್ ದಿನ ಬೇರೆ ಮೇಷ್ಟ್ರುಗಳ ಎದುರು ನಾನು "ಏನು ಮಹಾ, ಕಳೆ ಗಿಡ" ಅಂದೆ. ಹೆಮ್ಮೆ ಆಗಿತ್ತು. ಹೆಮ್ಮೆ ಆದಾಗ ಹಾಗನ್ಬೇಕು ಅಂತ ನಮ್ಮಪ್ಪನಿಂದ ಕಲಿತದ್ದು. ಈಗ ಅದೇ ಗಿಡ ಹಿತ್ತಲ ತುಂಬ ಇದೆ, ಮಣ್ಣು ಹಸಿ ಇದ್ದಾಗ ಬುಡಕ್ಕೆ ಕೈ ಹಾಕಿ ಕೀಳ್ಬೇಕು, ಒಣ ಮಣ್ಣಲ್ಲಿ ಎಳೆದ್ರೆ ಮೇಲಿಂದು ಕೈಗೆ ಬರುತ್ತೆ ಬೇರು ಒಳಗೇ ಉಳಿಯುತ್ತೆ, ಮುಳ್ಳು ಮಾತ್ರ ಅಂಗೈ ತುಂಬ. ನಮ್ಮ ಕಡೆ ಅದನ್ನ ಮುಟ್ಟಿದ್ರೆ ಮುನಿ ಅಂತಾನೂ ಅಂತಾರಲ್ಲ. ನಿಮ್ಮಮ್ಮ ಆ ಹೆಸರನ್ನ ನಂಗಿಟ್ಟು ಮೂವತ್ತು ವರ್ಷ ದಾಟಿದೆ.

ಇನ್ನೊಂದು ತಪ್ಪೊಪ್ಪಿಗೆ ಇದೆ, ಇದನ್ನ ಅಮ್ಮಂಗೆ ಹೇಳ್ಬೇಡ. ಬಸಳೆ ಚಪ್ಪರ ಒಣಗಿ ಹೋಯ್ತಲ್ಲ ಜುಲೈಲಿ, ಬುಡಕ್ಕೆ ಹುಳ ಬಿದ್ದಿದೆ ಅಂತ ನಾನು ಹೇಳಿದ್ದೆ, ಅವಳು ಬೂದಿ ಹಾಕಿ ಬೇವಿನ ಹಿಂಡಿ ಹಾಕಿ ಒದ್ದಾಡಿದ್ಳು. ಹುಳ ನಾನೇ. ದಾರದ ತುದಿ ತಾಗಿ ಬುಡ ಕತ್ತರಿಸಿ ಹೋಗಿತ್ತು, ಕಾಣ್ದೇ ಇರ್ಲಿ ಅಂತ ಸುತ್ತ ಮಣ್ಣು ಏರಿಸಿದ್ದೆ. ಅದಕ್ಕೂ ಹಿಂದಿನ ವಾರ ಪೆಟ್ರೋಲಿಗೆ 2ಟಿ ಆಯಿಲ್ ಹಾಕಿ, ಹಾಕಿದ್ದು ಮರೆತು, ಲೀಟರಿಗೆ 40 ಎಂಎಲ್ ಅಂತ ಅಳೆದು ಮತ್ತೊಂದು ಸಲ ಹಾಕಿ ಮಷೀನ್ ಸ್ಟಾರ್ಟ್ ಮಾಡಿದ್ದೆ. ಆ ಹೊಗೆ ನೋಡಿ ಕೆಳಗಿನ ಮನೆಯವ್ರು ಕಿಟಕಿ ಬಾಗಿಲು ಹಾಕ್ಕೊಂಡು "ಮೇಷ್ಟ್ರೇ, ಪಂಚಾಯ್ತಿಯಿಂದ ಸೊಳ್ಳೆಗೆ ಹೊಡೆಯೋಕೆ ಬಂದಿದಾರಾ" ಅಂತ ಕೂಗಿ ಕೇಳಿದ್ರು. ಹೌದು ಅಂದೆ. ನಾಳೆ ನಿಮ್ಮ ಕಡೆ ಬರ್ತಾರೆ ಅಂತಾನೂ ಸೇರಿಸಿದೆ. ಈಗ ಅವ್ರು ಸಿಕ್ಕಾಗಲೆಲ್ಲ ಕೇಳ್ತಾರೆ ಯಾವಾಗ ಬರ್ತಾರೆ ಅಂತ.

ಮಷೀನ್ ಮಾರ್ಬಿಡಿ ಅಂತ ನೀನು ಹೇಳಿದ್ದು ನೆನಪಿದೆ. ಆಳು ಕರ್ಸಿ ದುಡ್ಡು ನಾನು ಕೊಡ್ತೀನಿ ಅಂದೆ. ದುಡ್ಡಿನ ಪ್ರಶ್ನೆ ಅಲ್ಲ ಪುಟ್ಟಿ, ಈ ತಿಂಗಳಲ್ಲಿ ಹುಲ್ಲು ಹೊಡೆಯೋರು ಗಂಟೆ ಲೆಕ್ಕಕ್ಕೂ ಸಿಗಲ್ಲ, ಎಲ್ರೂ ಅಡಿಕೆ ತೋಟದಲ್ಲಿ ಇರ್ತಾರೆ. ಇನ್ನೊಂದು, ಬೆಳಿಗ್ಗೆ ಎದ್ದು ಹಿತ್ತಲಿಗೆ ಇಳಿಯದೇ ಇದ್ರೆ ನಾನು ಮಾಡೋದಾದ್ರೂ ಏನು, ಟಿವಿ ಮುಂದೆ ಕೂತು ಬೈಬೇಕು. ಹಿತ್ತಲಲ್ಲಾದ್ರೆ ಕಳೆಗೆ ಬೈತೀನಿ, ಅದಕ್ಕೆ ಬೇಜಾರಿಲ್ಲ. ಮುಖಕ್ಕೆ ಹಾಕೋ ಶೀಲ್ಡ್ ತರ್ಸಿದೀನಿ. ಜಲ್ಲಿ ಇರೋ ಕಡೆ ಇನ್ನು ಕುಡುಗೋಲೇ, ಕುಕ್ಕರುಗಾಲಲ್ಲಿ ಕೂತು ಹಿಡಿ ಹಿಡಿ ಕೊಯ್ತಾ ಹೋಗೋದು. ಮಂಡಿ ನೋವು ಬರುತ್ತೆ, ಬರ್ಲಿ. ಉಂಬಳ ಹತ್ತುತ್ತೆ, ಹತ್ಲಿ, ಸುಣ್ಣ ಇಟ್ಕೊಂಡೇ ಕೂರ್ತೀನಿ. ಅಳಿಯಂದಿರಿಗೆ ಹೇಳು, ಅವ್ರು ಕಳಿಸಿದ ಗ್ಲೌಸು ಸಣ್ಣದಾಯ್ತು, ನಿಮ್ಮಮ್ಮ ಕುಕ್ಕರ್ ಇಳಿಸೋಕೆ ಇಟ್ಕೊಂಡಿದಾಳೆ.

ಮಖೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು ಅಂತಾರೆ. ಮಳೆ ಬೇಕಾದಷ್ಟು ಬಂತು. ಮಗಳು ಕಡುಬು ಅರ್ಧ ತಿಂದು ಎದ್ದು ಹೋದ್ಳು. ಉಳಿದ ಹೂರಣ ಫ್ರಿಜ್ಜಲ್ಲಿದೆ, ದಿನಾ ಫ್ರಿಜ್ ತೆಗೆದಾಗ ಕಾಣುತ್ತೆ, ಯಾರೂ ಮುಟ್ಟಿಲ್ಲ.

ಇವತ್ತು ಆದದ್ದು ಹೇಳಿ ಮುಗಿಸ್ತೀನಿ, ಬೆರಳು ನೋಯ್ತಿದೆ. ಕಿಟಕಿ ಗಾಜು ಹಾಕಿಸೋಣ ಅಂತ ಚೌಕಟ್ಟು ಅಳೆದು ಚೀಟೀಲಿ ಬರ್ಕೊಂಡು ತೀರ್ಥಹಳ್ಳಿಗೆ ಹೋಗಿ ಕತ್ತರಿಸಿ ತಂದೆ. ಬಸ್ಸಲ್ಲಿ ಗಾಜನ್ನ ತೊಡೆ ಮೇಲಿಟ್ಕೊಂಡು, ಪಕ್ಕದವ್ರು ಮುಟ್ಟದ ಹಾಗೆ, ಮಗು ಎತ್ಕೊಂಡ ಹಾಗೆ ಬಂದೆ. ಇಟ್ಟು ನೋಡಿದ್ರೆ ಕೂರಲ್ಲ. ಉದ್ದಕ್ಕೂ ಒಂದಿಂಚು ಜಾಸ್ತಿ, ಅಡ್ಡಕ್ಕೂ ಒಂದಿಂಚು ಜಾಸ್ತಿ. ಅಂಗಡಿಯವನಿಗೆ ಬೈಯೋಕೆ ಬಾಯಿ ತೆಗೆದೆ. ನಿಮ್ಮಮ್ಮ ಬಂದು ಟೇಪು ನೋಡಿ "ಇದ್ರಲ್ಲಿ ಅಳೆದ್ರಾ?" ಅಂದ್ಳು. ಅವಳ ಟೇಪಲ್ಲಿ ಮೊದಲನೇ ಇಂಚೇ ಇಲ್ಲವಂತೆ. ಎರಡನೇ ಕ್ಲಾಸಲ್ಲಿ ನೀನು ಗೊಂಬೆಗೆ ಬೆಲ್ಟ್ ಮಾಡೋಕೆ ಕತ್ತರಿಸ್ಕೊಂಡಿದ್ದಂತೆ, ಅವತ್ತಿಂದ ಅವಳು ಎಲ್ಲದಕ್ಕೂ ಒಂದು ಕಳೆದು ಲೆಕ್ಕ ಹಾಕ್ತಾಳಂತೆ, ಇಪ್ಪತ್ತೈದು ವರ್ಷದಿಂದ ಈ ಮನೇಲಿ ನಂಗೊಬ್ಬನಿಗೇ ಗೊತ್ತಿಲ್ಲ. ಹೇಳ್ತಾ ಹೇಳ್ತಾ ಅವಳಿಗೆ ನಗು ಶುರುವಾಯ್ತು, ಹೋಗಿ ಅದೇ ಒಗೆಯೋ ಕಲ್ಲಿನ ಮೇಲೆ ಕೂತ್ಳು. ನಂಗೂ ಬಂತು. ಗಾಜು ಕೈಲಿ ಹಿಡ್ಕೊಂಡಿದ್ದೆ, ಇಳಿಸೋಕೂ ಆಗ್ಲಿಲ್ಲ, ಗಾಜು ಅಲ್ಲಾಡೋ ಹಾಗೆ ನಕ್ಕೆ.

ಆಮೇಲೆ ಸಂಜೆ ಹೊಳೀತು, ಹಾಗಾದ್ರೆ ಅದು ಹದಿನಾಲ್ಕು ಅಲ್ಲ. ಹದಿಮೂರು.

ನಿಮ್ಮಮ್ಮ ತೆಗೆದ ಫೋಟೋ ಇದರ ಜೊತೆ ಕಳಿಸ್ತಿದೀನಿ, ಗಾಜು ಹಿಡ್ಕೊಂಡು ಹಲ್ಲು ಕಿರಿದಿರೋದು. ಗ್ರೂಪಿಗೆ ಹಾಕೋದಾದ್ರೆ ಹಾಕು. ಹದಿಮೂರರ ವಿಷಯ ಅಮ್ಮಂಗೆ ಹೇಳ್ಬೇಡ.

ಅಪ್ಪ